ಅರ್ಧ ಸೂಜಿ

ಸಾಲಿ ಸುರುವಾಗುವ ವಾರ ಮಶೀನಿನ ಸೂಜಿ ಮುರಿಯಿತು.
ಅರ್ಧ ಮಶೀನಿನಲ್ಲೇ ಉಳಿದಿತ್ತು.
ಇನ್ನರ್ಧ ಸಿಗಲಿಲ್ಲ.

ಮೈಂದರ್ಗಿಯ ಮಕ್ಕಳ ಅಂಗಿ, ಅರವತ್ತು,
ಪಹಿಲಿಯಿಂದ ಚೌಥಿವರೆಗೆ.
ಕಸ ಗುಡಿಸಿದೆ, ತಟ್ಟು ಝಾಡಿಸಿದೆ,
ಎಣ್ಣೆಬುಡ್ಡಿಯ ಕೆಳಗೂ ನೋಡಿದೆ. ಹೋಗಲಿ ಅಂದೆ.
ರಾತ್ರಿ ರೊಟ್ಟಿ ಮುರಿಯುವಾಗ ಬಂತು,
ಯಾರೋ ಹೊಸ್ತಿಲಲ್ಲಿ ನಿಂತು ಕೆಮ್ಮಿದ ಹಾಗೆ:
ಓಂಕಾರನ ಅಂಗಿಯ ಕೊರಳಪಟ್ಟಿಯಲ್ಲಿ ಇದ್ದರೆ?

ಇದೆ ಅಂದರೆ ತೆಗೆಯಬಹುದು.
ಇಲ್ಲ ಅಂದರೆ ಮಲಗಬಹುದು.
ಇದ್ದರೆ ಅನ್ನುವುದಕ್ಕೆ ಏನು ಮಾಡುವುದು?
ಆ 'ರೆ' ಗಂಟು ಹಾಕದ ದಾರ,
ಎಳೆದಷ್ಟೂ ಬಂತು.

ಹತ್ತು ಗಂಟೆಗೆ ಹೋಗಿ ಬಾಗಿಲು ಬಡಿದೆ.
ಮಲಗಿದ ಹುಡುಗನ ಅಂಗಿ ತರಿಸಿ, ದೀಪಕ್ಕೆ ಹಿಡಿದು
ಹೊಲಿಗೆ ಹೊಲಿಗೆ ತಡವಿದೆ. ಏನೂ ಇಲ್ಲ.
ಮನೆ ಮುಟ್ಟುವಷ್ಟರಲ್ಲಿ
ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ಹೋಗಿತ್ತು.
ಮರುದಿನ ಮತ್ತೆ ಹೋದೆ.
ಮೂರನೇ ಸಲ ರುಕ್ಮವ್ವ ಬಾಗಿಲು ತೆಗೆಯಲಿಲ್ಲ,
ಕಿಟಕಿಯಿಂದ ನೋಡಿದಳು, ದೀಪ ಆರಿಸಿದಳು.

ಆಮೇಲೆ ಚುಂಬಕ ಕೊಂಡೆ, ದುಧನಿ ಸಂತೆಯಲ್ಲಿ.
ಹೊಲಿದದ್ದರ ಮೇಲೆ ಆಡಿಸುವುದು, ಏಳು ಸಲ.
ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ.
ದಿನಕ್ಕೆ ಎಂಟು ಅಂಗಿ ಹೊಲಿಯುತ್ತಿದ್ದವಳು ಎರಡಕ್ಕೆ ಬಂದೆ.
ಕೂತಲ್ಲೇ ಎದೆ ಓಡುತ್ತಿತ್ತು,
ಯಾರೂ ತುಳಿಯದ ಮಶೀನು.
ಅಂಗೈ ತಣ್ಣಗೆ, ನಾಲಿಗೆ ಒಣ ಹತ್ತಿ.

ಖೈರೂನ್ ಮೌಶಿ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.
ಘಾಟು ಬರಲಿಲ್ಲ, ಭಾಳ ದೃಷ್ಟಿ ಆಗ್ಯದ ಅಂದಳು,
ಆಮೇಲೆ ತಾನೇ ಕೆಮ್ಮಿದಳು.
ಅಕ್ಕಲಕೋಟೆಯಲ್ಲಿ ಎದೆಪಟ್ಟಿ ತೆಗೆದರು.
ಉದ್ದ ಕಾಗದದ ಮೇಲೆ ಕಚ್ಚಾ ಹೊಲಿಗೆ, ಒಂದೂ ತಪ್ಪಿಲ್ಲ.
ಏನಾಗಿಲ್ಲ ಹೋಗು ಅಂದರು.
ಏನೂ ಆಗದೆ ಹೀಗೆ ಆಗುತ್ತದೆಯೇ?

ಸೊಲ್ಲಾಪುರಕ್ಕೆ ನೆಗೆಣ್ಣಿ ಸುಗಲಾ ಕರೆದೊಯ್ದಳು, ಕೆಂಪು ಎಸ್‌ಟಿಯಲ್ಲಿ.
ಅಕ್ಕಲಕೋಟೆ ದಾಟುವಾಗ ಇಳಿಯುತ್ತೇನೆ ಅಂದೆ,
ಒಂದು ಅಂಗಿ ನೋಡೂದು ಉಳಿದದ.
ನನ್ನನ್ನು ಕಿಟಕಿಯ ಕಡೆ ದೂಡಿ
ಅವಳು ಬಾಗಿಲಾಗಿ ಕೂತಳು.

ಸರೋದೆ ಬಾಯಿಯದು ಅರ್ಧ ಮರಾಠಿ, ಅರ್ಧ ಕನ್ನಡ.
ಇದಕ್ಕೊಂದು ಹೆಸರು ಅದ ಬಾಈ, ಅಂದಳು.
ಹೆಸರು ಉದ್ದವಿತ್ತು, ಬಸ್ಸಿಳಿಯುವಷ್ಟರಲ್ಲಿ ಮರೆತೆ.
ಹೆಸರಿದೆ ಅನ್ನುವುದು ಮರೆಯಲಿಲ್ಲ.
ಹೆಸರಿಟ್ಟಿದ್ದಾರೆ ಅಂದಮೇಲೆ, ನನಗಿಂತ ಮೊದಲು
ಯಾರೋ ಇದೇ ಸೂಜಿ ಹುಡುಕಿದ್ದಾರೆ.

ಗುಳಿಗೆ ಕೊಟ್ಟಳು. ಗುಳಿಗೆಗಿಂತ ಕಹಿ ಒಂದು ಮಾತು:
ಒಮ್ಮೆ ನೋಡು. ಎರಡನೇ ಸಲ ನೋಡಬ್ಯಾಡ.
ಅಂಜಿಕಿ ಬರ್ತದ. ಓಡಿಸಬ್ಯಾಡ, ಬರಿ.
ಅಳತೆಯ ವಹಿಯಲ್ಲೇ ಬರೆದೆ:
ಎದೆ ಇಪ್ಪತ್ನಾಲ್ಕು, ತೋಳು ಒಂಬತ್ತು, ಅಂಜಿಕೆ ಹತ್ತು.
ಅರ್ಧ ತಾಸಿಗೆ, ಅಂಜಿಕೆ ಒಂಬತ್ತು.
ಆ ಒಂದು ಕಮ್ಮಿಯಾಗಲು ನಾನು ಏನೂ ಮಾಡಿರಲಿಲ್ಲ,
ಕೈ ಕಟ್ಟಿಕೊಂಡು ಅಳುತ್ತ ಕೂತಿದ್ದೆ.

ಚುಂಬಕವನ್ನು ಸುಗಲಾ ಬಾವಿಗೆ ಒಗೆದಳು.
ದೀಪಾವಳಿ ಗಡಿಬಿಡಿಯಲ್ಲಿ ಇನ್ನೊಂದು ಕೊಂಡೆ, ಕದ್ದು.
ಸಂಕ್ರಾಂತಿಗೆ ನಾನೇ ಅದನ್ನು
ಮೌಶಿಯ ಮೊಮ್ಮಗನಿಗೆ ಆಡಲು ಕೊಟ್ಟೆ.

ಈಗಲೂ ಬರುತ್ತದೆ, ರೊಟ್ಟಿಯ ಹೊತ್ತಿಗೇ.
ಕೆಮ್ಮುತ್ತದೆ.
ಬಂದ್ಯಾ? ಕೂಡು. ಚಾ ಇಲ್ಲ ನಿನಗ, ಅನ್ನುತ್ತೇನೆ,
ಶೇಂಗಾ ಹಿಂಡಿಗೆ ಎಣ್ಣೆ ಕಲಸಿಕೊಳ್ಳುತ್ತೇನೆ.
ಕೆಲವು ರಾತ್ರಿ ಬೇಗ ಎದ್ದು ಹೋಗುತ್ತದೆ.
ಕೆಲವು ರಾತ್ರಿ ಇಲ್ಲ.

ಆ ಅರ್ಧ ಸೂಜಿ ಇವತ್ತಿಗೂ ಸಿಕ್ಕಿಲ್ಲ.

ಮೊನ್ನೆ ರುಕ್ಮವ್ವ ಬಂದಳು, ಕಣ್ಣು ಕೂಡಿಸದೆ,
ಸಣ್ಣ ಮಗಳ ಬಟ್ಟೆ ಇಟ್ಟು ಹೋದಳು.
ಒಯ್ಯಲು ಬಂದಾಗ ಕೊರಳಪಟ್ಟಿಯ ಮೇಲೆ ಬೆರಳಾಡಿಸಿ ಕೇಳಿದಳು:
ನೋಡೀದಿ ಹೌದಿಲ್ಲ?
ನೋಡೀನಿ, ಅಂದೆ.
ಒಮ್ಮೆ.