ಸಾಕ್ಷಿಗೆ ಬಂದ ಬೆಕ್ಕು

ಮುರ್ಮಾನ್ಸ್ಕಿನ ವಸತಿ ಕಚೇರಿ, ಮೂರನೇ ಕಿಟಕಿ.
ಟ್ರಾಲಿಬಸ್ ಓಡಿಸುವ ತೈಸಿಯಾ
ಕೋಟಿನ ಗುಂಡಿ ಬಿಚ್ಚಿ
ಒಳಗಿಂದ ಬೆಕ್ಕನ್ನು ತೆಗೆದು ಮೇಜಿನ ಮೇಲಿಟ್ಟಳು.

"ಡಿಸೆಂಬರಿನಲ್ಲಿ ಹದಿನೇಳು ದಿನ
ನಮ್ಮ ಮನೆಯ ಕೊಳವೆಗೆ ಬಿಸಿನೀರು ಬರಲಿಲ್ಲ."
"ದಫ್ತರದಲ್ಲಿ ಹದಿನೆಂಟು ಡಿಗ್ರಿ ಅಂತಿದೆಯಲ್ಲ?"
ಎಂದಳು ಎವೆಲಿನಾ ಪಾವ್ಲೊವ್ನಾ,
ಹೆಗಲ ಮೇಲೆ ಶಾಲು, ಅದರ ಮೇಲೆ ಇನ್ನೊಂದು.
ಇತ್ತು, ನಿಜ. ದಿನಕ್ಕೆರಡು ಸಲ ಹದಿನೆಂಟು,
ಹದಿನೇಳು ದಿನವೂ ಒಂದೇ ಶಾಯಿ, ಒಂದೇ ಓರೆ.
"ಬೆಕ್ಕನ್ನು ಕೇಳಿ" ಎಂದಳು ತೈಸಿಯಾ.

ಫೆನ್ಯಾ ಹುಟ್ಟಿದಾಗ ಅಪ್ಪಟ ಬಿಳಿ.
ಸಯಾಮಿ ಮರಿಗಳೆಲ್ಲ ಹಾಗೇ,
ತಾಯಿಯ ಹೊಟ್ಟೆಯೊಳಗೆ ಚಳಿಗಾಲವಿಲ್ಲ.
ಹೊರಬಿದ್ದ ಮೇಲೆ ಶುರು:
ಕಿವಿಯ ತುದಿ, ಮೂಗು, ಆಮೇಲೆ ಪಾದ, ಬಾಲ,
ರಕ್ತ ನಡೆದು ನಡೆದು ದಣಿದು
ತಣ್ಣಗಾಗುವ ಗಡಿಗಳಲ್ಲೆಲ್ಲ
ಸುಟ್ಟ ಸಕ್ಕರೆಯ ಕಂದು.

ನವೆಂಬರ್ ಕೊನೆಗೆ ಅದು ಉಣ್ಣೆಯ ದಾರ ನುಂಗಿತು.
ಪಶುವೈದ್ಯ ರಿನಾತ್ ಪಕ್ಕೆಯ ರೋಮ ಬೋಳಿಸಿ,
ಕೊಯ್ದು, ದಾರ ತೆಗೆದು, ಹೊಲಿದ.
ಮಾರನೆಯ ದಿನವೇ ಊರಂಚಿನ ಬಾಯ್ಲರ್ ಕೆಟ್ಟಿತು.
ಸೂರ್ಯ ರಜೆ ಹಾಕಿ ಹೋಗುವ ತಿಂಗಳು ಅದು;
ಕಿಟಕಿಗಾಜಿನ ಒಳಮೈಗೂ ಮಂಜು ಹೆಪ್ಪುಗಟ್ಟಿತ್ತು.
ಫೆಬ್ರವರಿಗೆ ರೋಮ ಮರಳಿ ಬಂತು.
ಬಿಳಿಯಲ್ಲ. ಅಂಗೈಯಗಲ ಕಂದು ತೇಪೆ.

"ರೋಗವೇನೋ" ಎಂದು ಓಡಿದಳು. ರಿನಾತ್ ನಕ್ಕ.
"ರೋಮಕ್ಕೆ ಬಣ್ಣ ಅರೆಯುವ ಒಂದು ಪ್ರೋಟೀನು ಇದೆ ನೋಡಿ,
ಎಂದೋ ಯಾವುದೋ ಮುತ್ತಜ್ಜಿಯಲ್ಲಿ
ಅದರ ಸರದ ಒಂದು ಮಣಿ ಬದಲಾಯಿತು.
ಅಂದಿನಿಂದ ಮೈಬಿಸಿಯಲ್ಲಿ ಅದರ ನೆರಿಗೆ ನಿಲ್ಲುವುದಿಲ್ಲ,
ಉದುರುತ್ತದೆ, ಕೈಚೆಲ್ಲಿ ಕೂರುತ್ತದೆ.
ಚರ್ಮ ತುಸು ತಣ್ಣಗಾದರೆ
ನೆರಿಗೆ ಕೂಡಿಸಿಕೊಂಡು ಎದ್ದು ಕೆಲಸಕ್ಕೆ ಹತ್ತುತ್ತದೆ."

ಬರಿ ಚಳಿಯಲ್ಲಿ ದುಡಿಯುವ ಜೀವ!
ತೈಸಿಯಾಗೆ ಅದರ ಮೇಲೆ ಅಕ್ಕರೆ ಹುಟ್ಟಿತು.

ಅವಳೂ ಒಂಬತ್ತು ವರ್ಷ ಮೀನಿನ ಶೀತಲಗೃಹದಲ್ಲಿದ್ದವಳು.
ಬಲಗೈಯ ಮೂರು ಬೆರಳು ಅಲ್ಲೇ ಉಳಿದವು,
ಅಂದರೆ ಕೈಯಲ್ಲೇ ಇವೆ,
ಆದರೆ ಬಿಸಿಯೆಂದರೂ ಇಲ್ಲ, ತಣ್ಣಗೆಂದರೂ ಇಲ್ಲ.
ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡುತ್ತಾಳೆ.
ನೆಲದಡಿ ಕೊಳವೆ ಎಲ್ಲಿ ಹಾದಿದೆ ಎಂಬುದನ್ನು
ಫೆನ್ಯಾ ಮಲಗಿದ ಜಾಗ ನೋಡಿ ತಿಳಿದಳು,
ಹಾಸಿಗೆಯನ್ನು ಅಲ್ಲಿಗೇ ಎಳೆದಳು.

ಸಂಜೆ ಪುದೀನ ಹಾಕಿದ ಚಹಾ.
ಕುದಿಯುವ ಲೋಟ, ನಾಲಗೆಗೆ ಮಾತ್ರ ತಂಪು ಸುದ್ದಿ:
ನರದ ತುದಿಯಲ್ಲಿ ಚಳಿಗೆಂದೇ ಇಟ್ಟ ಬಾಗಿಲೊಂದಿದೆ,
ಪುದೀನದ ಹತ್ತಿರ ಅದರ ಕಳ್ಳ ಬೀಗದಕೈ.
ನಾಲಗೆಯೂ ದಫ್ತರದ ಹಾಗೆ, ಹೇಳಿಕೊಟ್ಟದ್ದನ್ನು ಬರೆದುಕೊಳ್ಳುತ್ತದೆ.

ರೋಮ ಹಾಗಲ್ಲ ಎಂದು ಈಗ ಮೇಜಿನ ಮುಂದೆ ವಾದಿಸುತ್ತಿದ್ದಾಳೆ.
ರಿನಾತ್ ಹೇಳಿದ ಇನ್ನೊಂದು ಮಾತನ್ನು ಮಾತ್ರ
ಕೋಟಿನೊಳಗೇ ಉಳಿಸಿಕೊಂಡಿದ್ದಾಳೆ:
"ಬೆಚ್ಚಗಿನ ಮನೆಯಲ್ಲೂ ಬೋಳಿಸಿದ ಜಾಗ
ಒಂದಿಷ್ಟು ಕಪ್ಪಾಗಿಯೇ ಬರುತ್ತದೆ, ತೈಸಿಯಾ.
ಇಷ್ಟು ಕಪ್ಪಾಗುತ್ತಿತ್ತೋ, ನಾನರಿಯೆ."

ಸರತಿಯ ಸಾಲು ಕತ್ತು ಚಾಚಿತು.
ಯಾರೋ ಕೆಮ್ಮಿದರು, ಯಾರೋ "ನಮ್ಮಲ್ಲೂ ಹದಿನೇಳೇ" ಎಂದರು.
"ಬೆಕ್ಕಿಗೆ ನಮೂನೆಯಲ್ಲಿ ಅಂಕಣವಿಲ್ಲ"
ಎಂದಳು ಎವೆಲಿನಾ ಪಾವ್ಲೊವ್ನಾ,
ಎನ್ನುತ್ತಲೇ ಬೆರಳು ಕತ್ತರಿಸಿದ ಕೈಗವಸು ಕಳಚಿ
ತೇಪೆಯ ಮೇಲೆ ಅಂಗೈ ಊರಿದಳು.
ಸರಿಯಾಗಿ ಅಷ್ಟೇ ಅಗಲ.
ಫೆನ್ಯಾ ಗುರುಗುಟ್ಟತೊಡಗಿತು, ಸಣ್ಣ ಬಾಯ್ಲರಿನಂತೆ.

ಎಡಗೈಯಲ್ಲೇ ಲೇಖನಿ ಹುಡುಕಿ ಕೇಳಿದಳು:
"ಎಷ್ಟನೇ ತಾರೀಖಿನಿಂದ?"
ಬಲಗೈ ತೆಗೆಯಲಿಲ್ಲ.