ಬಣ್ಣಕ್ಕೆ ಏಳು, ಡಬ್ಬಿಗೆ ನಾಲ್ಕು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಮೆಟ್ಟಿಲು ಹತ್ತಿದರೆ
ನನ್ನ ಪಾರ್ಲರು. ಎರಡು ಕುರ್ಚಿ, ಒಂದೇ ಒಳ್ಳೆಯ ಬಲ್ಬು.
ಮೈಸೂರಿನ ಏಜೆಂಟು ಬಿಟ್ಟುಹೋದ ಡಬ್ಬಿ ಇದು:
"ನೋಡಿ ಹೇಳಿ ಮೇಡಂ, ಮದುವೆ ಸೀಸನ್ನಿಗೆ ಇಪ್ಪತ್ತು ಕಳಿಸ್ತೀನಿ."

ಮುಚ್ಚಳದ ಮೇಲೆ ಯಾವುದೋ ದೇಶದ ಹಳೆಯ ಚಿತ್ರ,
ನೀರು, ಮರ, ಸಂಜೆಯೋ ಮುಂಜಾವೋ ತಿಳಿಯದ ಬೆಳಕು.
ಒಳಗೆ ಹನ್ನೆರಡು ಕುಳಿ, ಕುಳಿಗೊಂದು ಹೆಸರು.
ಹೆಸರಿಗೆ ನಾನು ಅಂಕ ಕೊಡುವುದಿಲ್ಲ.

ಬೆರಳೊತ್ತಿ ನನ್ನ ಮುಂಗೈಗೆ ಒಂದು ಗೀರು,
ಆಮೇಲೆ ಸಫೂರಳ ಕೈಗೆ ಇನ್ನೊಂದು.
ನನಗಿಂತ ಎರಡು ಪಾಲು ಕಪ್ಪು ಅವಳು;
ಸುಳ್ಳು ಬಣ್ಣ ಅವಳ ಮೇಲೆ ನಿಲ್ಲುವುದಿಲ್ಲ.

ತಾಮ್ರ ಒಂದೇ ಸಲಕ್ಕೆ ಹಿಡಿಯಿತು. ಶಹಬ್ಬಾಸ್.
ಪಾಚಿ ಹಸಿರನ್ನು ನುಣ್ಣಗೆ ಅರೆದಿದ್ದಾರೆ, ಗಂಧ ತೇಯ್ದ ಹಾಗೆ.
ನೇರಳೆ ಡಬ್ಬಿಯಲ್ಲಿ ರಾಣಿ, ಚರ್ಮದ ಮೇಲೆ ಬೂದಿ.
ಆ ತಿಳಿ ಗುಲಾಬಿಯಂತೂ ನನ್ನ ಕೈಯಲ್ಲಿ ಇದ್ದೂ ಇಲ್ಲ,
ಸಫೂರಳ ಕೈಯಲ್ಲಿ ಸುಣ್ಣ.
"ಅಕ್ಕ, ಇದನ್ನ ಯಾರಿಗೆ ಅಂತ ಮಾಡಿದ್ದು?" ಅಂದಳು.
ಬರೆದುಕೊಂಡೆ: ಹನ್ನೆರಡರಲ್ಲಿ ಏಳು.

ಡಬ್ಬಿಯ ವಿಚಾರಣೆ ಬೇರೆ.
ಅಯಸ್ಕಾಂತ ಸೇಫ್ಟಿಪಿನ್ನು ಎತ್ತಿತು, ಮುಚ್ಚಳ ಹಿಡಿಯಲಿಲ್ಲ.
ಕನ್ನಡಿ ಮೂಗನ್ನು ಎಡಕ್ಕೆ ಎಳೆಯುತ್ತದೆ.
ರಟ್ಟಿನ ಮೂಲೆ ಈಗಲೇ ಬಾಯಿ ಬಿಟ್ಟಿದೆ;
ಹಾತೂರಿನ ಮದುವೆಮನೆಗೆ ಜೀಪಿನಲ್ಲಿ ಒಮ್ಮೆ ಹೋಗಿಬಂದರೆ
ಹನ್ನೆರಡೂ ಒಂದೇ ಪುಡಿ.
ನಾಲ್ಕು. ಅದೂ ಧಾರಾಳ.

ಸಫೂರ ಮುಚ್ಚಳ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.
"ಚಿತ್ರ ಉಲ್ಟಾ ಅಂಟಿಸಿದ್ದಾರಲ್ಲ ಅಕ್ಕ,
ಮರ ಕೆಳಮುಖ, ನೀರು ಮೇಲೆ."
ಹೌದು. ವಾರದಿಂದ ಮೇಜಿನ ಮೇಲಿದೆ, ನಾನು ನೋಡಿರಲಿಲ್ಲ.
ನಾಲ್ಕನ್ನು ಮೂರು ಮಾಡಲು ಪೆನ್ನೆತ್ತಿದೆ.

ಹುಬ್ಬು ತೀಡಿಸಲು ಬಂದ ಚೋಂದಮ್ಮ ಟೀಚರ್
ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಒರಗಿದ್ದವರು
ಅಲ್ಲಿಂದಲೇ ಕಣ್ಣು ಮೇಲೆತ್ತಿ ನೋಡಿ
"ಬರಪೊಳೆ ಅಲ್ವಾ ಅದು?" ಅಂದರು.
"ನಾನು ಈಜು ಕಲಿತ ಗುಂಡಿ. ದಡದಲ್ಲಿ ಅದೇ ಮರ.
ಬಟ್ಟೆ ನೇತುಹಾಕುತ್ತಿದ್ದ ಕೊಂಬೆ ಕೂಡ ಇದೆ, ನೋಡು."

ದಾರ ಹಲ್ಲಲ್ಲಿ ಕಚ್ಚಿಕೊಂಡೆ. ಉತ್ತರ ಕೊಡಲಾಗಲಿಲ್ಲ.
ಹುಬ್ಬು ಮುಗಿದರೂ ಅವರು ಕಣ್ಣು ತೆರೆಯಲಿಲ್ಲ.
ಕೇಳದೆಯೇ ಪಾಚಿ ಹಸಿರು ತೆಗೆದು
ಆ ಸುಕ್ಕು ರೆಪ್ಪೆಯ ಮೇಲೆ ಒಂದಿಷ್ಟು ಸವರಿದೆ.
"ಏನು ಮಾಡ್ತಿದ್ದೀಯೆ?"
"ಪರೀಕ್ಷೆ, ಟೀಚರ್."
"ಹಾಗಾದ್ರೆ ಅಲ್ಲಾಡುವುದಿಲ್ಲ," ಅಂದರು.

ಏಜೆಂಟಿಗೆ ಸಂಜೆ ಬರೆದೆ:
ಇಪ್ಪತ್ತು ಬೇಡ, ಮೂರು ಕಳಿಸಿ. ಅಯಸ್ಕಾಂತ ಬದಲಾಯಿಸಿ.
ಗುಲಾಬಿ ನಿಮ್ಮ ಹತ್ತಿರವೇ ಇರಲಿ.
ಚಿತ್ರದ ವಿಷಯ ಬರೆಯಲಿಲ್ಲ.
ಬರೆದರೆ ಸರಿಮಾಡಿಬಿಡುತ್ತಾರೆ.