ಉಬ್ಬು, ತಗ್ಗು

ಹುಬ್ಬಳ್ಳಿ–ಗದಗ ಕಡೀ ಟ್ರಿಪ್ಪು ಮುಗದು
ಚೀಲದ ಚಿಲ್ಲರ ಎಣಿಸೂವಾಗ ಸಿಕ್ಕ
ಸೊಟ್ಟ ನಾಣ್ಯಾನೆಲ್ಲಾ ನನ್ನ ರೊಕ್ಕಾ ತುಂಬಿ
ಎತ್ತಿಟ್ಟೀನಿ, ಮೂರು ವರ್ಷ.
"ಟಂಕಸಾಲಿ ತಪ್ಪಿದ್ರ ಒಂದೊಂದಕ್ಕ ಲಕ್ಷ ಬರತೈತಿ"
ಅಂದಿದ್ದ ಡ್ರೈವರ್ ನದಾಫ.

ಸುಟ್ಟಿ ದಿನ ಸಾಸಿವಿ ಡಬ್ಬಿ ಹಿಡಕೊಂಡು
ಬೆಟಗೇರಿ ಮೋನಪ್ಪ ಪತ್ತಾರರ ಕಟ್ಟಿ ಹತ್ತಿದೆ.

"ಗೆರಿ ಉಬ್ಬೈತೋ ತಗ್ಗೈತೋ, ಉಗುರಿಗೆ ಕೇಳವಾ.
ಉಬ್ಬಿದ್ರ ಅಚ್ಚು ಸೀಳಿತ್ತು, ಹುಟ್ಟಿನಿಂದ ಬಂದದ್ದು.
ತಗ್ಗಿದ್ರ ಯಾರೋ ಕೆರದಾರ.
ಕೆರದಲ್ಲೆ ಲೋಹ ಬದುವಿನಗತೆ ಮಗ್ಗಲಕ್ಕ ಸರದಿರತೈತಿ.
ನೇಗಿಲಾ ಹಾದ ಮ್ಯಾಲ ಮಣ್ಣು ಎಲ್ಲಿಗೆ ಹೋದೀತು?"

ತಗಡಾದದ್ದೊಂದು:
"ಇದು ರೈಲ್ವೆ ಟಂಕಸಾಲಿದು" ಅಂತ ನಕ್ಕರು.

ಅಂಚು ಕಡದದ್ದೊಂದು:
"ತಗಡು ಕತ್ತರಿಸೂವಾಗ್ಲೇ ಹೋಗಿದ್ರ
ಎದುರಿನ ಅಂಚೂ ಸೊರಗಬೇಕಿತ್ತು.
ಗಟ್ಟಿ ಐತಿ ನೋಡು. ಅರಾ ಹಾಕಿ ತಿಕ್ಯಾರ."

ತೂತು ಬಿದ್ದದ್ದು:
ಭೂತಗನ್ನಡಿ ಕೆಳಗ ಭಾಳ ಹೊತ್ತು ಹಿಡದರು.
"ಕೂಸಿನ ನಡದಾಗ ಇತ್ತು ಇದು.
ಉಡದಾರ ತಿಕ್ಕಿ ತಿಕ್ಕಿ
ತೂತಿನ ಮ್ಯಾಲಿನ ಅಂಚು ಸವದೈತಿ."

ಯಾವ ಊರಿನ ಟಿಕೀಟಿಗೆ ಬಂತೋ, ನೆನಪಿಲ್ಲ.
ಹೆಂಗಸರದು ಈಗ ಪುಕ್ಕಟ್ಟ.
ಅಂದಮ್ಯಾಲ ಅಪ್ಪನ ಬಿಚ್ಚಿ ಕೊಟ್ಟಿರಬೇಕು.

ಕಡೀಕ ಎರಡು ರೂಪಾಯಿದೊಂದು
ಅರ್ಧ ಅಚ್ಚು, ಅರ್ಧ ಬೋಳು,
ಬೋಳಿನ ಮ್ಯಾಲೂ ಕನ್ನಡಿಯಂಥಾ ಹೊಳಪು.
ಪತ್ತಾರರು ತಕ್ಕಡಿ ತಗದರು. ತೂಕ ಬರೋಬ್ಬರಿ.
"ಇದಕ್ಕ ಯಾರೂ ಕೈ ಹಚ್ಚಿಲ್ಲ.
ಹುಟ್ಟೂವಾಗ ಜಾರೈತಿ, ಅಷ್ಟ.
ನಾಕನೂರು ಕೊಡತೀನಿ."

"ನಮ್ಮ ಡಿಪೋದಾಗ ಉಲ್ಟಾ ರೀ" ಅಂದೆ.
"ಬಸ್ಸಿನ ತಗಡು ನೆಗ್ಗಿದ್ರ
ಕಂಪನೀದೋ ಡ್ರೈವರಂದೋ ಕೇಳ್ತಾರ.
ಕಂಪನೀದಾದ್ರ ಗಪ್ಪ.
ನದಾಫಂದಾದ್ರ ಪಗಾರದಾಗ ಮುರಕೋತಾರ."

ನೋಟು ಎಣಿಸೂದು ನಿಲ್ಲಿಸಿದರು ಮುದುಕರು.
"ಉಲ್ಟಾ ಹೆಂಗ ಆತವ್ವಾ? ಅದ ಲೆಕ್ಕ.
ಮಾಡಿದಾತನ ತಪ್ಪಿಗೆ ಎಲ್ಲಾ ಕಡೆ ಮರ್ಯಾದಿ."

ನಾಕನೂರಾಗ ನೂರು ನದಾಫಗ ಕೊಟ್ಟೆ.
ಲಕ್ಷದ ಮಾತು ಆಂವ ಎತ್ತಲಿಲ್ಲ, ನಾನೂ ಕೆದಕಲಿಲ್ಲ.
ಡಬ್ಬಿಗೆ ಸಾಸಿವಿ ವಾಪಸ್ ಬಂತು.

ತೂತಿಂದು ಖಾಕಿ ಕಿಸೇದಾಗ ಐತಿ.
ಮುಂಜಾನೆ ಟ್ರಿಪ್ಪಿನ್ಯಾಗ
ಹುಲಕೋಟಿಯಿಂದ ನಲವಡಿತನಕ
ಚಿಲ್ಲರ ತಡವರಿಸೂ ಗಂಡಸರ
ತೊಡಿ ಮ್ಯಾಲಿನ ಕೂಸುಗಳ
ನಡಾ ನೋಡಿಕೋತ ಬಂದೆ.